ಎಡಿ-ಮಿಕ್ಸ್ ಬೀಟಾ: ಒಂದು ಬಾಟ್ಲಿ ಖಾಲಿ ಮಾಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ಎಡಿ-ಮಿಕ್ಸ್ ಬೀಟಾ ಅನ್ನೋ ಈ ಲ್ಯಾಬ್ ಪುಡಿಯ (ಅಣುವಿಗೆ ಆಮ್ಲಜನಕ ಸೇರಿಸೋ ಮಿಶ್ರಣ) ಬಾಟ್ಲಿ ಚೆನ್ನಾಗಿದೆ, ಆದರೆ ನಾನು ಇನ್ನೊಂದು ತರಿಸುವುದಿಲ್ಲ. ಎರಡೂ ನಿಜ.

ನನಗೆ ಬೇಕಿದ್ದದ್ದು ಇಷ್ಟೇ: ಪ್ರೊಪಿಯೊಫೀನೋನ್ ಎಂಬ ಕೀಟೋನಿನಲ್ಲಿ (ಕಾರ್ಬನ್-ಆಮ್ಲಜನಕ ಡಬಲ್ ಬಾಂಡ್ ಇರೋ ಅಣು) ಆ ಡಬಲ್ ಬಾಂಡಿನ ಪಕ್ಕದ ಕಾರ್ಬನ್ನಿಗೆ ಒಂದು ಓಎಚ್ (ಆಮ್ಲಜನಕ-ಹೈಡ್ರೋಜನ್ ಜೋಡಿ), ಅದೂ ಒಂದೇ ಕೈಯದ್ದು, ಅಂದರೆ ಕನ್ನಡಿಬಿಂಬದಂತಿರೋ ಎರಡು ರೂಪಗಳಲ್ಲಿ ಒಂದೇ. ಎಡಗೈ ಬಲಗೈ ಅರ್ಧ ಅರ್ಧ ಬಂದರೆ ಮುಂದಿನ ಹಂತಕ್ಕೆ ಅದು ಕಸ. ಕೀಟೋನನ್ನು ನೇರವಾಗಿ ಆಕ್ಸಿಡೈಸ್ ಮಾಡೋ ಕೈರಲ್ (ಒಂದೇ ಕೈಯ) ಲೋಹ ವೇಗವರ್ಧಕಗಳೂ ಇವೆ, 1994ರಲ್ಲಿ ಬೋಲ್ಮ್ ತಾಮ್ರದಲ್ಲಿ, ಸ್ಟ್ರುಕುಲ್ ಪ್ಲಾಟಿನಮ್‌ನಲ್ಲಿ ಮಾಡಿ ತೋರಿಸಿದರು, ಆದರೆ ಅದು ಬೇಯರ್-ವಿಲಿಗರ್ ಕ್ರಿಯೆಯ ದಾರಿ, ಅಲ್ಲಿ ಉಂಗುರದ ಕೀಟೋನ್ ಆದರೆ ಆಮ್ಲಜನಕ ಉಂಗುರದೊಳಗೇ ನುಗ್ಗಿ ಲ್ಯಾಕ್ಟೋನ್ (ಉಂಗುರದ ಎಸ್ಟರ್) ಮಾಡಿಬಿಡುತ್ತದೆ. ನನಗೆ ಅದು ಬೇಡ. ಹಾಗಾಗಿ ಸುತ್ತುದಾರಿ: ಕೀಟೋನನ್ನು ಸಿಲೈಲ್ ಈನಾಲ್ ಈಥರ್ (ಆಮ್ಲಜನಕಕ್ಕೆ ಸಿಲಿಕಾನ್ ಕಟ್ಟಿ, ಡಬಲ್ ಬಾಂಡನ್ನು ಎರಡು ಕಾರ್ಬನ್ ನಡುವೆ ಸರಿಸಿದ ರೂಪ) ಮಾಡಿ, ಅದರ ಡಬಲ್ ಬಾಂಡಿಗೆ ಆಸ್ಮಿಯಮ್ ಎಂಬ ಲೋಹದ ಸಂಯುಕ್ತ ಬಿಡುವುದು. ಶಾರ್ಪ್‌ಲೆಸ್ ಗುಂಪು 1992ರಲ್ಲೇ ಇದನ್ನು ತೋರಿಸಿತ್ತು. ರಸಾಯನಜ್ಞ ಶಾರ್ಪ್‌ಲೆಸ್‌ಗೆ 2001ರಲ್ಲಿ ನೊಬೆಲ್ ಬಂದದ್ದು ಈ ಥರದ ಆಕ್ಸಿಡೇಶನ್‌ಗಳಿಗೇ.

ಎಡಿ-ಮಿಕ್ಸ್ ಅಂದರೆ ಒಂಥರಾ ರೆಡಿ ಸಾರಿನ ಪುಡಿ. ಎಲ್ಲ ಬೆರೆಸಿಯೇ ಇಟ್ಟಿರುತ್ತಾರೆ, ನೀವು ನೀರು ಹಾಕಿದರೆ ಆಯಿತು. ಕಿತ್ತಳೆ ಬಣ್ಣದ ಪುಡಿ. ಬದಲಿಸಬೇಕಾದ ವಸ್ತುವಿನ ಒಂದು ಮಿಲಿಮೋಲ್‌ಗೆ (ಅಣುಗಳನ್ನು ಎಣಿಸೋ ಅಳತೆ) 1.4 ಗ್ರಾಂ, ಲೆಕ್ಕ ಮುಗೀತು. ಆಸ್ಮಿಯಮ್ ಟೆಟ್ರಾಕ್ಸೈಡನ್ನು ಬಿಡಿಯಾಗಿ ತೂಗಿದವರಿಗೆ ಗೊತ್ತು ಇದು ಎಷ್ಟು ದೊಡ್ಡ ನೆಮ್ಮದಿ ಅಂತ. ಅದು ಹಾರಿಹೋಗುವ ವಸ್ತು, ಅದರ ಆವಿ ಕಣ್ಣು ಹಾಳು ಮಾಡುತ್ತದೆ. ಇಲ್ಲಿರೋದು ಪೊಟ್ಯಾಸಿಯಮ್ ಆಸ್ಮೇಟ್, ಹಾರುವುದಿಲ್ಲ. ಹಾಗಂತ ಫ್ಯೂಮ್ ಹುಡ್ ಬಿಟ್ಟು ಹೊರಗೆ ಮಾಡಬೇಡಿ, ಫ್ಲಾಸ್ಕಿನೊಳಗೆ ಹೋದ ಮೇಲೆ ಅದು ಟೆಟ್ರಾಕ್ಸೈಡ್ ಆಗಿಯೇ ಕೆಲಸ ಮಾಡೋದು.

ಈಗ ಪುಡಿಯೊಳಗೆ ಏನಿದೆ ನೋಡಿ. ಒಂದು ಕಿಲೋದಲ್ಲಿ ಸುಮಾರು 700 ಗ್ರಾಂ ಪೊಟ್ಯಾಸಿಯಮ್ ಫೆರಿಸಯನೈಡ್, 294 ಗ್ರಾಂ ಪೊಟ್ಯಾಸಿಯಮ್ ಕಾರ್ಬೊನೇಟ್. ಉಳಿದದ್ದರಲ್ಲಿ ಐದೂವರೆ ಗ್ರಾಂ ಲಿಗ್ಯಾಂಡ್ (ಲೋಹಕ್ಕೆ ಅಂಟಿಕೊಂಡು ದಾರಿ ತೋರಿಸೋ ಅಣು), ಒಂದು ಗ್ರಾಂ ಆಸ್ಮೇಟ್. ಅಂದರೆ ನಾವು ದುಡ್ಡು ಕೊಟ್ಟು ತರಿಸೋ ಬಾಟ್ಲಿಯಲ್ಲಿ ತೊಂಬತ್ತೊಂಬತ್ತು ಪಾಲಿಗಿಂತ ಜಾಸ್ತಿ, ಸ್ಟೋರಿನಲ್ಲಿ ಆಗಲೇ ಬಿದ್ದಿರೋ ಉಪ್ಪು! ಕೈ ಯಾವುದು ಅಂತ ತೀರ್ಮಾನ ಮಾಡೋದು ಆ ಐದೂವರೆ ಗ್ರಾಂ. ಆ ಲಿಗ್ಯಾಂಡಿನ ಮೂಲ ಸಿಂಕೋನಾ ಮರದ ತೊಗಟೆ, ನಮ್ಮ ಅಜ್ಜಂದಿರು ಮಲೇರಿಯಾಕ್ಕೆ ನುಂಗುತ್ತಿದ್ದ ಕ್ವಿನೈನ್ ಬರೋದೂ ಅದರಿಂದಲೇ. ಈ ಪುಡಿಯ ಜೋಡಿ ಎಡಿ-ಮಿಕ್ಸ್ ಆಲ್ಫಾ, ಅದು ಇನ್ನೊಂದು ಕೈ ಕೊಡುತ್ತದೆ. ಆಲ್ಫಾಕ್ಕೆ ಕ್ವಿನೈನ್ ಕಡೆಯದು, ಬೀಟಾಕ್ಕೆ ಕ್ವಿನಿಡೀನ್ ಕಡೆಯದು. ಇವೆರಡೂ ಪೂರ್ತಿ ಕನ್ನಡಿಬಿಂಬಗಳಲ್ಲ, ಹತ್ತಿರ ಹತ್ತಿರ ಅಷ್ಟೇ. ಅದಕ್ಕೇ ಆಲ್ಫಾ ಕೊಡೋ ಇಇ (ಒಂದು ಕೈ ಇನ್ನೊಂದಕ್ಕಿಂತ ಶೇಕಡಾ ಎಷ್ಟು ಹೆಚ್ಚು ಅನ್ನೋ ಅಳತೆ) ಬೀಟಾದಷ್ಟೇ ಇರುತ್ತದೆ ಅಂತ ನಂಬಿ ಕೂರಬೇಡಿ.

ಮಾಡೋದು ಸುಲಭ, ಆದರೆ ಕೆಲವು ಕಿರಿಕಿರಿಗಳಿವೆ. ಟರ್ಷರಿ ಬ್ಯೂಟನಾಲ್ ಮತ್ತು ನೀರು ಸಮಸಮ ಬೇಕು. ಈ ಬ್ಯೂಟನಾಲ್ 25 ಡಿಗ್ರಿ ಹತ್ತಿರ ಗಟ್ಟಿಯಾಗುತ್ತದೆ, ಬೆಂಗಳೂರಿನ ಡಿಸೆಂಬರ್ ಬೆಳಿಗ್ಗೆ ಬಾಟ್ಲಿ ತಲೆಕೆಳಗೆ ಮಾಡಿದರೂ ಒಂದು ಹನಿ ಬೀಳಲಿಲ್ಲ, ಚಳಿಗೆ ಕೊಬ್ಬರಿ ಎಣ್ಣೆ ಹೆಪ್ಪುಗಟ್ಟಿದ ಹಾಗೆ. ಬಿಸಿನೀರಿನ ಬೇಸಿನ್‌ನಲ್ಲಿ ಹತ್ತು ನಿಮಿಷ ಇಟ್ಟು ಕರಗಿಸಿದೆ. ಪುಡಿ ಹಾಕಿ ಕಲಕಿದರೆ ಎರಡು ಪದರ ಆಗುತ್ತದೆ, ಕೆಳಗಿನದು ಹಳದಿ. ಕ್ರಿಯೆ ಬೇಗ ಮುಗಿಸೋ ಮೀಥೇನ್ ಸಲ್ಫೋನಮೈಡ್ ಮರೆಯಬೇಡಿ, ನಾನು ಒಂದು ಸಲ ಮರೆತು ಮರುದಿನ ಸಂಜೆವರೆಗೂ ಟಿಎಲ್‌ಸಿ (ಕ್ರಿಯೆ ಮುಗಿಯಿತಾ ಅಂತ ನೋಡೋ ತಟ್ಟೆ ಪರೀಕ್ಷೆ) ಹಾಕುತ್ತಾ ಕೂತಿದ್ದೆ. ಸೊನ್ನೆ ಡಿಗ್ರಿಗೆ ಇಳಿಸಿ ಈನಾಲ್ ಈಥರ್ ಬಿಟ್ಟು ಜೋರಾಗಿ ಕಲಕಿಸಬೇಕು. ಉಪ್ಪು ಹರಳು ಕಟ್ಟಿಕೊಂಡು ಚಿಕ್ಕ ಸ್ಟಿರ್ ಬಾರ್ ನಿಂತುಬಿಡುತ್ತದೆ, ದೊಡ್ಡದನ್ನೇ ಹಾಕಿ.

ಫಲಿತಾಂಶ? ಎರಡು ಕೈಗಳನ್ನು ಬೇರೆ ಮಾಡಿ ತೋರಿಸೋ ಕೈರಲ್ ಎಚ್‌ಪಿಎಲ್‌ಸಿ ಯಂತ್ರದಲ್ಲಿ ಒಂದು ಪೀಕ್ ಬೆಟ್ಟ, ಇನ್ನೊಂದು ಹುತ್ತ. 96 ಇಇ. ನೋಡಿ ಖುಷಿಯಾಯಿತು. ಎರಡನೇ ಬ್ಯಾಚ್‌ನಲ್ಲಿ 80ಕ್ಕೆ ಬಿತ್ತು. ಪುಡಿಯನ್ನು ಬೈದುಕೊಂಡೆ, ಆಮೇಲೆ ಎನ್‌ಎಂಆರ್ (ಅಣುವಿನ ರಚನೆ ತೋರಿಸೋ ಪರೀಕ್ಷೆ) ನೋಡಿದರೆ ತಪ್ಪು ನಮ್ಮದೇ. ಈನಾಲ್ ಈಥರ್ ಮಾಡುವಾಗ ಡ್ರೈ ಐಸ್ ಸಾಲದೆ ಫ್ಲಾಸ್ಕ್ ಬೆಚ್ಚಗಾಗಿ, ಅದರಲ್ಲಿ ಝಡ್ ಜತೆ ಇ (ಡಬಲ್ ಬಾಂಡಿನ ಸುತ್ತ ಗುಂಪುಗಳ ಜೋಡಣೆ ಬೇರೆಯಾದ ಎರಡು ರೂಪಗಳು) ಕೂಡ ಸೇರಿಕೊಂಡಿತ್ತು. ಎರಡರ ಆಕಾರವೂ ಲಿಗ್ಯಾಂಡಿನ ಜೇಬಿನಲ್ಲಿ ಒಂದೇ ಥರ ಕೂರುವುದಿಲ್ಲ, ಅಲ್ವಾ. ಮೊದಲು ಈಥರ್ ಶುದ್ಧ ಮಾಡಿಕೊಳ್ಳಿ, ಆಮೇಲೆ ಪುಡಿಗೆ ಬೈಯಿರಿ.

ವರ್ಕಪ್ (ಕ್ರಿಯೆ ನಿಲ್ಲಿಸಿ ಉತ್ಪನ್ನ ಬೇರ್ಪಡಿಸೋದು) ಮಾತ್ರ ತಲೆನೋವು. ಹತ್ತು ಮಿಲಿಮೋಲ್, ಅಂದರೆ ಎರಡೂವರೆ ಗ್ರಾಂ ಈಥರ್‌ಗೆ 14 ಗ್ರಾಂ ಪುಡಿ, ನೂರು ಮಿಲಿ ದ್ರಾವಕ, ನಿಲ್ಲಿಸೋಕೆ ಇನ್ನೊಂದು 15 ಗ್ರಾಂ ಸೋಡಿಯಮ್ ಸಲ್ಫೈಟ್. ಸೆಪರೇಟಿಂಗ್ ಫನೆಲ್ ತುಂಬಾ ಉಪ್ಪಿನ ಗಂಜಿ. ಆ ಹಳದಿ ನೀರನ್ನು ಆಸಿಡ್ ವೇಸ್ಟ್ ಕ್ಯಾನಿಗೆ ಸುರಿಯಬೇಡಿ, ಅದರಲ್ಲಿರೋದು ಸಯನೈಡ್ ಸಂಬಂಧಿ, ಬಲವಾದ ಆಸಿಡ್ ಸೇರಿದರೆ ವಿಷದ ಗಾಳಿ ಏಳಬಹುದು. ಬೇರೆ ಕ್ಯಾನ್, ಮೇಲೆ ದೊಡ್ಡದಾಗಿ ಆಸ್ಮಿಯಮ್ ಅಂತ ಬರೆದಿಡಿ.

ಸಪ್ಲೈ ಮಾಡಿದವರ ಬಗ್ಗೆ ಹೇಳೋದೇ ಬೇಡ ಅಂದುಕೊಂಡಿದ್ದೆ. ಹೆಸರು ಹಾಕುವುದಿಲ್ಲ. ಏಳು ವಾರ ಕಾಯಿಸಿ, ಸೀಲ್ ಸಡಿಲವಾದ ಬಾಟ್ಲಿ ಕಳಿಸಿದರು, ಒಳಗೆ ಪುಡಿ ಬೆಲ್ಲದ ಅಚ್ಚಿನ ಹಾಗೆ ಕೂತಿತ್ತು. ಫೋನ್ ಮಾಡಿದರೆ "ಸರ್, ಕುಟ್ಟಿ ಬಳಸಿ" ಅಂದರು. ಕುಟ್ಟಿದೆ. ತಮಾಷೆಯ ವಿಷಯ ಏನಂದರೆ, ಗಟ್ಟಿಯಾಗದಿದ್ದರೂ ಕುಲುಕಬೇಕಾದದ್ದೇ: 1.4 ಗ್ರಾಂನಲ್ಲಿ ಲಿಗ್ಯಾಂಡ್ ಇರೋದು ಎಂಟು ಮಿಲಿಗ್ರಾಂಗೂ ಕಡಿಮೆ, ಮೇಲಿಂದ ಒಂದು ಚಮಚ ತೆಗೆದರೆ ಅದರಲ್ಲಿ ಎಷ್ಟು ಬಂತು ಅಂತ ಯಾರಿಗೆ ಗೊತ್ತು.

ಐದಕ್ಕೆ ನಾಲ್ಕು ಸ್ಟಾರ್. ಒಂದೆರಡು ಸಲ ಮಾಡಿ ನೋಡುವವರು, ಹೊಸ ಹುಡುಗರು, ಕಣ್ಣು ಮುಚ್ಚಿ ಇದನ್ನೇ ತಗೊಳ್ಳಿ. ದಿನಾ ಮಾಡುವವರು ಒಂದು ಗ್ರಾಂ ಲಿಗ್ಯಾಂಡ್, ಕಾಲು ಗ್ರಾಂ ಆಸ್ಮೇಟ್ ಬಿಡಿಯಾಗಿ ತರಿಸಿ, ಉಪ್ಪು ನಿಮ್ಮ ಸ್ಟೋರಿನದ್ದೇ ಹಾಕಿ. ನಾನು ಈಗ ಹಾಗೇ ಮಾಡುತ್ತಿದ್ದೇನೆ. ಹಳೇ ಬಾಟ್ಲಿಯ ನೆನಪಿಗೆ ಉಳಿದಿರೋದು ನಮ್ಮ ಸಿಂಕಿನ ತುಕ್ಕು ಹಿಡಿದ ಜಾಲರಿ, ಗ್ಲಾಸ್‌ವೇರ್ ತೊಳೆದ ನೀರು ತಾಗಿ ಕಡು ನೀಲಿಯಾಗಿದೆ, ಎಷ್ಟು ಉಜ್ಜಿದರೂ ಹೋಗಿಲ್ಲ.