ಬೋರ್ಡ್‌ರೂಮಿನ ಕುರ್ಚಿ, ಕೊಟ್ಟಿಗೆಯ ಬಕೆಟ್ಟು: ಎರಡು ಸ್ವೀಡಿಷ್ ಪ್ರೇಮಕಾದಂಬರಿಗಳು

ನಾನಿರುವ ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ ಫೆಬ್ರವರಿಗೆ 'ವಾಬ್ರುವಾರಿ' ಅಂತ ಇನ್ನೊಂದು ಹೆಸರಿದೆ. ಮಗುವಿಗೆ ಹುಷಾರಿಲ್ಲದಾಗ ಅಪ್ಪನೋ ಅಮ್ಮನೋ ಸರ್ಕಾರದ ಭತ್ಯೆ ಪಡೆದು ಮನೆಯಲ್ಲಿ ಉಳಿಯುವುದಕ್ಕೆ ಇಲ್ಲಿ 'ವಾಬ್' ಅನ್ನುತ್ತಾರೆ. ಆ ತಿಂಗಳಲ್ಲಿ ಮಕ್ಕಳಿಗೆ ಜ್ವರ, ಕೆಮ್ಮು ಜಾಸ್ತಿ, ಅದಕ್ಕೇ ಆ ಹೆಸರು. ಈ ವರ್ಷ ಮಗಳಿಗೆ ಜ್ವರ ಬಂದಾಗ ಮೊದಲ ಮೂರು ದಿನ ನನ್ನ ಗಂಡ ವಾಬ್ ಹಾಕಿದರು, ಆಮೇಲೆ ಎರಡು ದಿನ ನಾನು. ಆ ವಾರ ಶುರುಮಾಡಿ ರಾತ್ರಿಗಳಲ್ಲಿ ಎರಡು ಪ್ರೇಮಕಾದಂಬರಿಗಳನ್ನು ಒಂದರ ಹಿಂದೆ ಒಂದು ಓದಿದೆ. ಮೊದಲು ಇಂಗ್ಲಿಷ್‌ನಲ್ಲಿ, ಆಮೇಲೆ ಇಷ್ಟವಾದ ಭಾಗಗಳನ್ನು ನಿಘಂಟು ಹಿಡಿದು ಸ್ವೀಡಿಷ್‌ನಲ್ಲಿ. ಎರಡರಲ್ಲೂ ಗಂಡು ಹೆಣ್ಣಿನ ಸಮಾನತೆಯೇ ಕಥೆಯ ಬೆನ್ನೆಲುಬು. ಆದರೆ ಎರಡೂ ಅದನ್ನು ಹುಡುಕುವ ಜಾಗ ಬೇರೆ.

ಒಂದು ಸಿಮೋನಾ ಆರ್ನ್‌ಸ್ಟೆಟ್ ಬರೆದ 'ಎನ್ ಎಂಡಾ ನಾಟ್', ಅಂದರೆ 'ಒಂದೇ ಒಂದು ರಾತ್ರಿ'. 2014ರದು. ಇಂಗ್ಲಿಷ್‌ನಲ್ಲಿ 'ಆಲ್ ಇನ್'. ಇನ್ನೊಂದು ಕತರೀನಾ ಮಜೆಟ್ಟಿಯವರದು, 1998ರದು. ಅದರ ಸ್ವೀಡಿಷ್ ಹೆಸರಿನ ಅರ್ಥ 'ಪಕ್ಕದ ಗೋರಿಯ ಹುಡುಗ'. ಇಂಗ್ಲಿಷ್‌ಗೆ 'ಬೆನ್ನಿ ಅಂಡ್ ಶ್ರಿಂಪ್' ಆಗಿ ಬಂದಿದೆ.

ಆರ್ನ್‌ಸ್ಟೆಟ್ ಪುಸ್ತಕ ಸ್ಟಾಕ್‌ಹೋಮ್‌ನ ದುಡ್ಡಿನ ಲೋಕದ್ದು. ನಾಯಕಿ ನಟಾಲಿಯಾ ಹಳೇ ಸಿರಿವಂತ ಮನೆತನದ ಮಗಳು, ಹಣಕಾಸಿನ ಕೆಲಸದಲ್ಲಿ ಪಳಗಿದವಳು. ಮನೆತನದ ದೊಡ್ಡ ಕಂಪನಿಯ ಆಡಳಿತ ಮಂಡಳಿಯಲ್ಲಿ ಒಂದು ಕುರ್ಚಿ ಬೇಕು ಅನ್ನೋದು ಅವಳ ಆಸೆ. ಅಪ್ಪನಿಗೆ ಹೆಣ್ಣುಮಕ್ಕಳು ಅಲ್ಲಿ ಕೂರುವುದೇ ಸರಿಬರೋದಿಲ್ಲ. ಮಗನಿಗೆ ಕೊಡುವ ಬೆಲೆ ಮಗಳಿಗಿಲ್ಲ. ಅದೇ ಕಂಪನಿಯನ್ನು ಕೈವಶ ಮಾಡಿಕೊಳ್ಳಲು ಹೊರಟವನು ಡೇವಿಡ್. ಅವರಿಬ್ಬರ ನಡುವೆ ಪ್ರೇಮ.

ಇದನ್ನು ನಾನು ಎರಡೇ ರಾತ್ರಿಯಲ್ಲಿ ಮುಗಿಸಿದೆ. ಕೆಳಗಿಡೋಕೆ ಮನಸ್ಸೇ ಬರಲಿಲ್ಲ. ನನಗೆ ತುಂಬಾ ಹಿಡಿಸಿದ್ದು ಹೆಣ್ಣಿನ ಆಸೆಯನ್ನು ಆಕೆ ಬರೆದ ರೀತಿ. ನಟಾಲಿಯಾ ತನಗೆ ಏನು ಬೇಕು ಅಂತ ತಿಳಿದವಳು. ಅದಕ್ಕೆ ಕಥೆ ಅವಳನ್ನು ಶಿಕ್ಷಿಸುವುದಿಲ್ಲ, ನಾಚಿಕೆಪಡಿಸುವುದೂ ಇಲ್ಲ. ಹಾಸಿಗೆಯ ದೃಶ್ಯಗಳಲ್ಲೂ ಅವಳು ಯಾರದೋ ಕಣ್ಣಿಗೆ ಬಿದ್ದ ವಸ್ತುವಲ್ಲ, ನೋಡುವವಳು ಅವಳೇ. ಆರ್ನ್‌ಸ್ಟೆಟ್ ಮನಶ್ಶಾಸ್ತ್ರ ಓದಿ ಚಿಕಿತ್ಸಕಿಯಾಗಿ ಕೆಲಸ ಮಾಡಿದವರು. ಅಪ್ಪನ ಮುಂದೆ ನಿಂತ ಮಗಳ ಸಂಕಟವನ್ನು ಅಷ್ಟು ಸಲೀಸಾಗಿ ಹಿಡಿಯೋದು ಅದರಿಂದಲೂ ಇರಬಹುದು. ಬಲವಂತ, ಬೆದರಿಕೆ ಇಲ್ಲದಿದ್ದರೂ ಒಪ್ಪಿಗೆ ಇಲ್ಲದ ಲೈಂಗಿಕ ಸಂಬಂಧ ಅಪರಾಧವೇ ಅನ್ನುವ ಕಾನೂನು ಸ್ವೀಡನ್‌ನಲ್ಲಿ ಜಾರಿಗೆ ಬಂದದ್ದು 2018ರ ಜುಲೈನಲ್ಲಿ. ಹೆಣ್ಣಿನ ಆಸೆಗೆ ಇಷ್ಟು ಬೆಲೆ ಕೊಟ್ಟ ಈ ಕಾದಂಬರಿ ಅದಕ್ಕಿಂತ ನಾಲ್ಕು ವರ್ಷ ಹಿಂದಿನದು.

ಆದರೆ ನಟಾಲಿಯಾ ಮನೆಯಲ್ಲಿ ಪಾತ್ರೆ ಯಾರು ತೊಳೆಯುತ್ತಾರೆ ಅನ್ನೋದು ಇಲ್ಲಿ ದೊಡ್ಡ ಪ್ರಶ್ನೆಯಲ್ಲ. ದುಡ್ಡಿರುವ ಕಡೆ ಅದು ಪ್ರಶ್ನೆ ಆಗೋದೇ ಇಲ್ಲ, ಅಲ್ವಾ? ಮನೆಗೆಲಸದವರನ್ನು ಇಟ್ಟುಕೊಂಡರೆ ತೆರಿಗೆಯಲ್ಲಿ ರಿಯಾಯಿತಿ ಕೊಡುವ 'ರೂತ್' ಪದ್ಧತಿ 2007ರಲ್ಲಿ ಬಂದಾಗಿನಿಂದ ಇಲ್ಲಿನ ಸ್ತ್ರೀವಾದಿಗಳಲ್ಲೇ ಜಗಳವಿದೆ. ಒಬ್ಬಳು ಆಫೀಸಿನಲ್ಲಿ ಮೇಲೇರಲು ಇನ್ನೊಬ್ಬಳು ಅವಳ ಮನೆ ಒರೆಸಬೇಕೇ ಅಂತ. ಕುರ್ಚಿಯ ಕಥೆ ಓದುವಾಗೆಲ್ಲ ನನಗೆ ಆ ಜಗಳ ನೆನಪಾಗುತ್ತಿತ್ತು.

ಮಜೆಟ್ಟಿ ಪುಸ್ತಕ ಆ ಪಾತ್ರೆಗಳ ಹತ್ತಿರಕ್ಕೇ ಹೋಗುತ್ತದೆ.

ಸ್ಮಶಾನದಲ್ಲಿ ಒಂದು ಬೆಂಚು. ಗಂಡನನ್ನು ಕಳೆದುಕೊಂಡ ಲೈಬ್ರರಿಯನ್ ದೆಸಿರೆ ಅಲ್ಲಿಗೆ ಬಂದು ಕೂರುತ್ತಾಳೆ. ಗಂಡನ ಗೋರಿಗೆ ಸರಳವಾದ ಒಂದು ಕಲ್ಲು. ಪಕ್ಕದ ಗೋರಿ ಮಾತ್ರ ಭರ್ಜರಿ ಅಲಂಕಾರದ್ದು. ಅದು ಬೆನ್ನಿಯ ಅಮ್ಮನದು. ಬೆನ್ನಿ ಹಾಲಿನ ರೈತ. ಅಮ್ಮ ಹೋದಮೇಲೆ ಹಸು, ಹೊಲ, ಮನೆ ಎಲ್ಲಾ ಅವನೊಬ್ಬನ ತಲೆಮೇಲೆ. ಇವಳಿಗೆ ಅವನ ಗೋರಿಯ ಅಲಂಕಾರ ಆಗದು, ಅವನಿಗೆ ಇವಳ ಬಿಗುಮಾನ ಆಗದು. ಹಾಗಿದ್ದೂ ಪ್ರೀತಿ ಹುಟ್ಟುತ್ತದೆ.

ಒಂದು ಅಧ್ಯಾಯ ಅವಳ ಬಾಯಲ್ಲಿ, ಮುಂದಿನದು ಅವನ ಬಾಯಲ್ಲಿ. ಪುಸ್ತಕದ ಉದ್ದಕ್ಕೂ ಹೀಗೇ. ಒಬ್ಬರ ಮಾತು ಓದಿ 'ಹೌದು, ಇವರದೇ ಸರಿ' ಅಂದುಕೊಳ್ಳುತ್ತೇವೆ. ಪುಟ ತಿರುಗಿಸಿದರೆ ಇನ್ನೊಬ್ಬರದೂ ಸರಿ ಅನ್ನಿಸುತ್ತದೆ. ನನ್ನ ಮಟ್ಟಿಗೆ ಇದಕ್ಕಿಂತ ದೊಡ್ಡ ಸಮಾನತೆ ಆ ಇನ್ನೊಂದು ಪುಸ್ತಕದಲ್ಲಿ ಇಲ್ಲ. ಬೆನ್ನಿ ಹೆಣ್ಣನ್ನು ತುಳಿಯುವವನಲ್ಲ. ಅಮ್ಮ ಬೆಚ್ಚಗಿಟ್ಟಿದ್ದ ಮನೆ ಮತ್ತೆ ಬೇಕು ಅನ್ನುವ ಸುಸ್ತಾದ ಮನುಷ್ಯ. ದೆಸಿರೆಯೂ ಕಲ್ಲುಮನಸ್ಸಿನವಳಲ್ಲ. ಅವಳಿಗೆ ಅವಳ ಪುಸ್ತಕ, ಕೆಲಸ, ಊರು ಇವೆ. ಹಸು ಬಿಟ್ಟು ಅವನು ಎಲ್ಲೂ ಹೋಗಲಾರ. ಹಾಗಾದರೆ ಯಾವಾಗಲೂ ಬರಬೇಕಾದವಳು ಅವಳೇನಾ? ಇಡೀ ಕಾದಂಬರಿ ಈ ಒಂದು ಪ್ರಶ್ನೆಯ ಮೇಲೆ ನಿಂತಿದೆ.

ಇದನ್ನು ಓದಲು ನನಗೆ ಆರು ರಾತ್ರಿ ಹಿಡಿಯಿತು. ಸಣ್ಣ ಪುಸ್ತಕವೇ. ಮಧ್ಯೆ ಮಧ್ಯೆ ನಿಲ್ಲಿಸಬೇಕಾಯಿತು. ನಾನು ಮದ್ದೂರು ಕಡೆಯ ಹುಡುಗಿ. ಬೆಳಗಿನ ಜಾವ ಎದ್ದು ಕೆಚ್ಚಲು ತೊಳೆದು, ಹಾಲು ಕರೆದು, ಕ್ಯಾನ್ ಹಿಡಿದು ಡೈರಿಗೆ ಓಡುವ ಅಮ್ಮನನ್ನು ನೋಡಿಕೊಂಡು ಬೆಳೆದವಳು. 2023ರ ಫೆಬ್ರವರಿಯಲ್ಲಿ ಹೆಣ್ಣು ಸಿಗದ ನಮ್ಮ ಕಡೆಯ ರೈತ ಹುಡುಗರು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೋಗಿದ್ದರಲ್ಲ, ಬೆನ್ನಿಯ ಅಧ್ಯಾಯಗಳಲ್ಲಿ ನನಗೆ ಅವರೇ ಕಂಡರು. ದೆಸಿರೆಯ ಅಧ್ಯಾಯಗಳಲ್ಲಿ, ರೈತನ ಮನೆಗೆ ಬೇಡ ಅಂದ ನನ್ನ ಗೆಳತಿಯರು ಕಂಡರು. ಇಬ್ಬರ ಮೇಲೂ ಸಿಟ್ಟು ಬರಲಿಲ್ಲ.

ಸ್ವೀಡಿಷ್‌ನಲ್ಲಿ ಸಮಾನತೆಗೆ ಎರಡು ಪದ ಇವೆ. ಎಲ್ಲ ಮನುಷ್ಯರೂ ಒಂದೇ ಅನ್ನೋದಕ್ಕೆ 'ಯೆಮ್‌ಲೀಕ್‌ಹೇತ್'. ಗಂಡು ಹೆಣ್ಣಿನ ನಡುವಿನದಕ್ಕೇ ಅಂತ 'ಯೆಮ್‌ಸ್ಟೆಲ್ಡ್‌ಹೇತ್'. ಈ ಎರಡನೆಯದಕ್ಕೆ ದೇಶ ಕಾನೂನಿನಲ್ಲಿ ಬಹಳ ಮಾಡಿದೆ. 1971ರಿಂದ ಗಂಡ ಹೆಂಡತಿಗೆ ಪ್ರತ್ಯೇಕ ತೆರಿಗೆ. 1974ರಿಂದ ಮಗು ನೋಡಿಕೊಳ್ಳುವ ರಜೆ ಅಪ್ಪನಿಗೂ. ಈಗ ಒಂದು ಮಗುವಿಗೆ 480 ದಿನ, ಅದರಲ್ಲಿ 90 ದಿನ ಅಪ್ಪನಿಗೇ, 90 ದಿನ ಅಮ್ಮನಿಗೇ ಮೀಸಲು. ನಮ್ಮ ಮನೆ ನಡೆಯುತ್ತಿರುವುದೇ ಈ ಲೆಕ್ಕದ ಮೇಲೆ. ಆದರೆ ಅಪ್ಪ ರಜೆ ಹಾಕಿದ ದಿನ ಹಾಲು ಕರೆಯೋರು ಯಾರು ಅಂತ ಯಾವ ಕಾನೂನೂ ಹೇಳೋದಿಲ್ಲ.

ಭಾನುವಾರ ಫೋನಿನಲ್ಲಿ ಅಮ್ಮನಿಗೆ ಬೆನ್ನಿಯ ಕಥೆ ಹೇಳಿದೆ. "ಆ ಹುಡುಗಿ ಬರಾಕಿಲ್ಲ ಅಂದ್ರೆ ತಪ್ಪೇನವ್ವ?" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಅವ್ನಾದ್ರೂ ಏನ್ ಮಾಡ್ಯಾನು, ಹಸಕ್ಕೆ ಭಾನ್ವಾರ ಗೊತ್ತಾದದಾ?" ಅಂದರು. ಮಜೆಟ್ಟಿ ಇಡೀ ಕಾದಂಬರಿಯಲ್ಲಿ ತೂಗಿದ್ದನ್ನು ಅಮ್ಮ ಎರಡು ಮಾತಿನಲ್ಲಿ ತೂಗಿದರು.

ಒಂದೇ ಓದೋಕೆ ಟೈಮ್ ಇದೆ ಅನ್ನುವವರಿಗೆ ನಾನು ಮಜೆಟ್ಟಿಯನ್ನೇ ಕೊಡುತ್ತೇನೆ. ಮನಸ್ಸು ಕುಗ್ಗಿದೆ, ಆಫೀಸಿನಲ್ಲಿ ಯಾರೋ ನಿಮ್ಮ ಮಾತನ್ನು ಕೇಳಿಸಿಕೊಳ್ಳುತ್ತಿಲ್ಲ ಅನ್ನುವ ವಾರವಾದರೆ ಆರ್ನ್‌ಸ್ಟೆಟ್ ತೆಗೆದುಕೊಳ್ಳಿ, ಸುಮ್ನೆ ಓದಿಸಿಕೊಂಡು ಹೋಗುತ್ತದೆ. ಬೆನ್ನಿ, ದೆಸಿರೆಯರ ಕಥೆ 2005ರಲ್ಲಿ ಬಂದ 'ಫಮಿಲ್ಯೆಗ್ರಾವೆನ್'ನಲ್ಲಿ ಮುಂದುವರಿಯುತ್ತದೆ. ಅಲ್ಲಿ ಮಕ್ಕಳೂ ಇದ್ದಾರೆ, ಹಸುಗಳೂ ಇವೆ. ಮೊನ್ನೆ ಲೈಬ್ರರಿಯಿಂದ ತಂದೆ. ಈ ವಾರ ಅಮ್ಮ ಫೋನ್ ಎತ್ತಿದ ಕೂಡಲೇ ಕೇಳಿದ್ದು, "ಈಗ ಹಾಲು ಯಾರು ಕರೀತಾವ್ರೆ?"