ಶಿವಮೊಗ್ಗದಲ್ಲಿ ಮನೆಗೇ ಬಂದು ನಾಯಿಗೆ ಕಲಿಸುವ ತರಬೇತಿ: ದುಡ್ಡಿಗೆ ತಕ್ಕದ್ದೇ

ನಾಯಿಗೆ ಕಲಿಸುವವರನ್ನು ಹುಡುಕುತ್ತಿದ್ದರೆ ಫೀಸು ಕೇಳುವ ಮೊದಲು ಇದನ್ನು ಕೇಳಿ: ನಾಯಿ ಮಾತು ಕೇಳದಿದ್ದಾಗ ನೀವೇನು ಮಾಡುತ್ತೀರಿ?

ನಾವು ಮೊದಲು ಕರೆಸಿದವರು ಕತ್ತು ಬಿಗಿಯುವ ಚೈನ್ ತಂದಿದ್ದರು. ಜಗ್ಗಿದ ಕೂಡಲೇ ಬೊಗಳೋದು ನಿಲ್ಲುತ್ತಿತ್ತು, ನಿಜ. ಅವರು ಗೇಟ್ ದಾಟಿದ ಮೇಲೆ ಮತ್ತೆ ಶುರು. ಅಷ್ಟೇ ಆಗಿದ್ದರೆ ಪರವಾಗಿರಲಿಲ್ಲ, ನಮ್ಮ ಕರಿಯ ಚೈನಿನ ಸದ್ದು ಕೇಳಿದರೇ ಮಂಚದ ಕೆಳಗೆ ಸೇರಿಕೊಳ್ಳುವ ಹಾಗಾದ. ಶಿಕ್ಷೆ ಕೊಡುವವರು ಎದುರಿಗಿರುವಷ್ಟು ಹೊತ್ತು ನಾಯಿ ಸುಮ್ಮನಿರುತ್ತದೆ, ಆದರೆ ಬೊಗಳುವ ಬದಲು ಏನು ಮಾಡಬೇಕು ಅನ್ನೋದು ಅದಕ್ಕೆ ಗೊತ್ತಾಗೋದೇ ಇಲ್ಲ.

ಈಗ ವಿನೋಬನಗರದ ನಮ್ಮ ಮನೆಗೆ ಬರುವವರ ದಾರಿಯೇ ಬೇರೆ. ಸೊಂಟದ ಚೀಲದಲ್ಲಿ ಬೇಯಿಸಿದ ಕೋಳಿ ಚೂರು, ಕೈಯಲ್ಲಿ ಟಿಕ್ ಅನ್ನುವ ಕ್ಲಿಕ್ಕರ್. ಕರಿಯ ಕೂತ ಕ್ಷಣವೇ ಟಿಕ್, ಹಿಂದೆಯೇ ಚೂರು. ಸ್ವಲ್ಪ ತಡವಾದರೂ ಅವನು ಎದ್ದಿರುತ್ತಾನೆ, ಆಗ ಬಹುಮಾನ ಸಿಕ್ಕಿದ್ದು ಎದ್ದಿದ್ದಕ್ಕೆ ಅಂತಾಗುತ್ತದೆ. ಕೂತ ಆ ಕ್ಷಣವನ್ನೇ ಹಿಡಿದು ತೋರಿಸೋದಕ್ಕೆ ಆ ಟಿಕ್. ಈ ದಾರಿಯ ಬೇರು ಹಳೆಯದು: 1930ರ ದಶಕದಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಬಿ.ಎಫ್. ಸ್ಕಿನ್ನರ್ ಪೆಟ್ಟಿಗೆಯೊಳಗಿನ ಇಲಿ ಒಂದು ಹಿಡಿಕೆ ಒತ್ತಿದರೆ ತಿನಿಸು ಬೀಳುವ ಹಾಗೆ ಮಾಡಿ, ಅದು ಮತ್ತೆ ಮತ್ತೆ ಒತ್ತುವುದನ್ನು ಅಳೆದರು. ಮಾಡಿದ್ದಕ್ಕೆ ಏನು ಸಿಗುತ್ತದೆ ಅನ್ನೋದರ ಮೇಲೆ ನಡವಳಿಕೆ ಬದಲಾಗುವ ಈ ಕಲಿಕೆಗೇ ಆಪರೆಂಟ್ ಕಂಡೀಷನಿಂಗ್ ಅನ್ನೋದು. ಅದನ್ನು ಲ್ಯಾಬಿನಿಂದ ಹೊರಗೆ ತಂದು ಪ್ರಾಣಿಗಳ ತರಬೇತಿಗೆ ಇಳಿಸಿದವರು ಅವರ ಶಿಷ್ಯರಾದ ಕೆಲರ್ ಮತ್ತು ಮೇರಿಯನ್ ಬ್ರೆಲೆಂಡ್.

ನನಗೆ ಎಲ್ಲಕ್ಕಿಂತ ಇಷ್ಟವಾಗಿದ್ದು ನಮ್ಮ ಈ ತರಬೇತುದಾರರು ಮನೆಯವರನ್ನೆಲ್ಲ ಕೂರಿಸಿ ಮಾತಾಡಿದ್ದು. ಊಟದ ಹೊತ್ತಿಗೆ ಕರಿಯ ಬಂದು ಕುಂಯ್‌ಗುಟ್ಟುತ್ತಾನೆ, ನಾವ್ಯಾರೂ ಕೊಡಲ್ಲ, ಅಜ್ಜಿ ಮಾತ್ರ ಯಾವಾಗಲೋ ಒಮ್ಮೆ ಕಡುಬಿನ ಚೂರು ಹಾಕುತ್ತಾರೆ. ಆ 'ಯಾವಾಗಲೋ ಒಮ್ಮೆ' ಇದೆಯಲ್ಲ, ಅದೇ ಅಭ್ಯಾಸವನ್ನು ಜಾಸ್ತಿ ಗಟ್ಟಿ ಮಾಡೋದಂತೆ. ಪ್ರತಿ ಸಲ ಸಿಕ್ಕಿ ಆಮೇಲೆ ನಿಂತರೆ ನಾಯಿ ಬೇಗ ಕೈಬಿಡುತ್ತದೆ, ಯಾವಾಗ ಸಿಗುತ್ತದೋ ಗೊತ್ತಿಲ್ಲದಿದ್ದರೆ ಕಾಯುತ್ತಲೇ ಇರುತ್ತದೆ. "ಅಜ್ಜಿ, ಕೊಡಬೇಡಿ ಅನ್ನಲ್ಲ, ಅವನು ಚಾಪೆ ಮೇಲೆ ಸುಮ್ನೆ ಕೂತಿದ್ದಾಗ ಕೊಡಿ" ಅಂದರು. ಅಜ್ಜಿಗೆ ಬೇಜಾರಾಗಲಿಲ್ಲ, ಕರಿಯನ ಜಾಗ ಈಗ ಚಾಪೆಯೇ.

ಬಂದವರ ಮೈಮೇಲೆ ಹಾರೋದಕ್ಕೂ ಬೈಗುಳವಿಲ್ಲ. ಹಾರಿದರೆ ಎಲ್ಲರೂ ಬೆನ್ನು ತಿರುಗಿಸಬೇಕು, ನಾಲ್ಕೂ ಕಾಲು ನೆಲದ ಮೇಲಿದ್ದಾಗ ಮುದ್ದು ಮಾಡಬೇಕು. ಮೊದಮೊದಲು ಹಾರಾಟ ಇನ್ನೂ ಜೋರಾಯಿತು. ಸಿಗುತ್ತಿದ್ದದ್ದು ನಿಂತಾಗ ಹಾಗಾಗೋದು ಸಹಜ, ಆ ಹೊತ್ತಲ್ಲೇ ಸೋತು ಮುದ್ದು ಮಾಡಿದರೆ ಜೋರಾಗಿ ಹಾರೋದನ್ನೇ ಕಲಿಸಿದ ಹಾಗೆ ಅಂತ ಮೊದಲೇ ಎಚ್ಚರಿಸಿದ್ದರು, ಅದಕ್ಕೇ ತಡೆದುಕೊಂಡೆವು.

ಕೊರತೆಗಳೂ ಇವೆ. ಫೀಸು ದುಬಾರಿ. ಹೇಳಿದ್ದನ್ನು ಬರೆದು ಕೊಡುವುದಿಲ್ಲ, ನಾವೇ ನೆನಪಿಟ್ಟುಕೊಳ್ಳಬೇಕು. ಮಳೆ ಜೋರಿದ್ದರೆ ಕ್ಲಾಸ್ ಮುಂದಕ್ಕೆ ಹೋಗುತ್ತದೆ, ನಮ್ಮ ಜುಲೈ ಗೊತ್ತಲ್ವಾ.

ತೀರ್ಥಹಳ್ಳಿ, ಸಾಗರದ ಕಡೆ ತೋಟದ ಮನೆಯಲ್ಲಿರುವವರು ಕರೆಸುವುದಾದರೆ ಒಂದು ಮಾತು ಮೊದಲೇ ಹೇಳಿಬಿಡಿ. ನಿಮಗೆ ಮಂಗ ಬಂದಾಗ ನಾಯಿ ಬೊಗಳಲೇಬೇಕು. ಯಾವ ಬೊಗಳಿಗೆ ಚೂರು, ಯಾವುದಕ್ಕೆ ಇಲ್ಲ ಅನ್ನೋದನ್ನು ಮೊದಲ ಕ್ಲಾಸಿನಲ್ಲೇ ಅವರ ಜೊತೆ ಕೂತು ತೀರ್ಮಾನಿಸಿಕೊಳ್ಳಿ.