ಹಳೆ ಮೀಟರ್ ಕೊಳ್ಳುವವರೇ, ಮುಳ್ಳು ಅಲ್ಲಾಡಿತು ಅಂತ ನಂಬಬೇಡಿ

ಹಳೆ ಮಲ್ಟಿಮೀಟರ್ (ಕರೆಂಟ್, ವೋಲ್ಟ್, ಓಂ ಅಳೆಯುವ ಮೀಟರ್) ಕೂಡಿಡುವ ಹವ್ಯಾಸ ಇರುವವರು, ಈಗಷ್ಟೇ ಶುರು ಮಾಡಿದವರು, ದಯವಿಟ್ಟು ಪೂರ್ತಿ ಓದಿ. ಹೋದ ತಿಂಗಳು ನಮ್ಮ ಮನೆಯಲ್ಲಿ ನನ್ನ ತಂಗಿ ಮಗನಿಗೆ ಕರೆಂಟ್ ಹೊಡೆಯಿತು. ಹುಡುಗ ಚೆನ್ನಾಗಿದ್ದಾನೆ. ಆದರೆ ಅವನು ತಂತಿಗೆ ಕೈ ಹಾಕಿದ್ದು, ನಾನು ಸೆಕೆಂಡ್ ಹ್ಯಾಂಡ್‌ನಲ್ಲಿ ತಂದ ಮೀಟರ್ ಸೊನ್ನೆ ತೋರಿಸಿತು ಅಂತ.

ಮೀಟರ್ ಆವೋ ಮಾಡೆಲ್ 8. ಇಂಗ್ಲೆಂಡಿನದು. ಆಂಪಿಯರ್, ವೋಲ್ಟ್, ಓಂ, ಈ ಮೂರರ ಮೊದಲ ಅಕ್ಷರ ಸೇರಿ ಆವೋ. ಮೊದಲ ಆವೋಮೀಟರ್ ಬಂದದ್ದು 1923ರಲ್ಲಿ. ಮಾಡೆಲ್ 8 ಶುರುವಾದದ್ದು 1951ರಲ್ಲಿ, 2008ರ ತನಕ ತಯಾರಾಯಿತು ಅಂದರೆ ಎಷ್ಟು ಒಳ್ಳೆ ಮೀಟರ್ ಅಂತ ನೀವೇ ಯೋಚಿಸಿ. ಕಪ್ಪು ಡಬ್ಬಿ, ಹಿಡಿಯಲು ಚರ್ಮದ ಪಟ್ಟಿ, ಮುಳ್ಳಿನ ಕೆಳಗೆ ಉದ್ದಕ್ಕೂ ಸಣ್ಣ ಕನ್ನಡಿ. ನಾನು ಡಿಪ್ಲೊಮಾ ಓದುವಾಗ ನಮ್ಮ ಲ್ಯಾಬಿನಲ್ಲಿ ಒಂದೇ ಒಂದಿತ್ತು. ಬೀರುವಿನಲ್ಲಿಟ್ಟು ಬೀಗ ಹಾಕುತ್ತಿದ್ದರು, ನಮ್ಮ ಕೈಗೆ ಕೊಡುತ್ತಿರಲಿಲ್ಲ. ಅವತ್ತಿನಿಂದ ಇದ್ದ ಆಸೆ.

ಆನ್‌ಲೈನಿನಲ್ಲಿ ಫೋಟೊ ನೋಡಿ ತುಮಕೂರಿನಿಂದ ಬೆಂಗಳೂರಿಗೆ ಹೋದೆ. ಮಾರುವವನು ಮಾತಿನಲ್ಲಿ ಒಳ್ಳೆಯವನೇ. ನನ್ನ ಎದುರಿಗೇ ಹೊಸ ಸೆಲ್ ಹಾಕಿದ, ಎರಡು ಪ್ರೋಬ್, ಅಂದರೆ ಮೀಟರಿನ ತಂತಿಗಳ ಲೋಹದ ತುದಿ, ಒಂದಕ್ಕೊಂದು ತಾಗಿಸಿದ, ಮುಳ್ಳು ಸರ್ರನೆ ಹೋಗಿ ಸೊನ್ನೆ ಓಂ ಮೇಲೆ ನಿಂತಿತು. ಆಮೇಲೆ 9 ವೋಲ್ಟ್ ಬ್ಯಾಟರಿಗೆ ಹಿಡಿದ, ಒಂಬತ್ತರ ಹತ್ತಿರವೇ ತೋರಿಸಿತು. "ಫುಲ್ ವರ್ಕಿಂಗ್ ಸಾರ್" ಅಂದ. 4,500 ರೂಪಾಯಿ ಕೊಟ್ಟು, ಬಸ್ಸಿನಲ್ಲಿ ತೊಡೆ ಮೇಲೆ ಇಟ್ಟುಕೊಂಡು ತಂದೆ.

ಆ ಭಾನುವಾರ ಅಡುಗೆಮನೆಯ ಮಿಕ್ಸಿ ಸಾಕೆಟ್ ಸಡಿಲ ಆಗಿತ್ತು. ತಂಗಿ ಮಗ ಡಿಪ್ಲೊಮಾ ಎರಡನೇ ವರ್ಷ, ತಾನೇ ಮಾಡುತ್ತೇನೆ ಅಂದ. 'ಅಡುಗೆಮನೆ' ಅಂತ ಬರೆದ ಎಂಸಿಬಿ (ಮೇನ್ ಬೋರ್ಡಿನ ಸ್ವಿಚ್) ಇಳಿಸಿದೆ. ಹೊಸದಾಗಿ ತಂದ ಮೀಟರ್ ಅಲ್ವಾ, ಅದರಲ್ಲೇ ನೋಡೋಣ ಅಂತ ಎಸಿ (ಮನೆ ಲೈನಿನ ಕರೆಂಟ್) 250 ವೋಲ್ಟಿಗೆ ತಿರುಗಿಸಿ ಸಾಕೆಟ್‌ಗೆ ಹಿಡಿದೆ. ಮುಳ್ಳು ಅಲ್ಲಾಡಲಿಲ್ಲ. "ಮಾಮ, ಕರೆಂಟ್ ಇಲ್ವಾ?" ಅಂತ ಕೇಳಿದ. "ಇಲ್ಲ ಕಣೋ, ನೋಡು, ಸೊನ್ನೆ" ಅಂದೆ. ಅವನು ಸ್ಕ್ರೂ ಬಿಚ್ಚಿ ಸಾಕೆಟ್ ಹೊರಗೆಳೆದು ತಂತಿಗೆ ಬೆರಳು ಹಾಕಿದ. ಒಂದೇ ಸಲ ಕೂಗಿ ಹಿಂದಕ್ಕೆ ಬಿದ್ದ, ಮೊಣಕೈ ಗ್ಯಾಸ್ ಕಟ್ಟೆಗೆ ಹೊಡೆಯಿತು. ಆ ಸಾಕೆಟ್ಟಿಗೆ ಲೈನ್ ಬಂದದ್ದು ಬೇರೆ ಎಂಸಿಬಿಯಿಂದ, ಮೊದಲಿದ್ದ ಎಲೆಕ್ಟ್ರೀಷಿಯನ್ ಎಳೆದದ್ದು. 230 ವೋಲ್ಟ್ ಅಲ್ಲೇ ಇತ್ತು. ಹಳೆ ಮನೆ, ಕರೆಂಟ್ ಸೋರಿದರೆ ತಾನೇ ಲೈನ್ ಕಡಿಯುವ ಇಎಲ್‌ಸಿಬಿ ಕೂಡ ಇರಲಿಲ್ಲ. ಕೈ ಒಣಗಿತ್ತು, ಕಾಲಲ್ಲಿ ಚಪ್ಪಲಿ ಇತ್ತು, ಅಷ್ಟರಿಂದಲೇ ಉಳಿದ ಅಂತ ನಾನು ನಂಬಿದ್ದೇನೆ.

ರಾತ್ರಿ ನಿದ್ದೆ ಬರಲಿಲ್ಲ. ಎದ್ದು ಮೀಟರ್ ಬಿಚ್ಚಿದೆ. ಸೆಲ್ ಇಡುವ ಜಾಗದಲ್ಲಿ ಬಿಳಿ ಹಸಿರು ಪುಡಿ, ಹಳೆ ಸೆಲ್ ಯಾವಾಗಲೋ ಸೋರಿ ಹಿತ್ತಾಳೆ ಪಟ್ಟಿಯನ್ನು ತಿಂದಿತ್ತು. ಅದನ್ನು ಉಜ್ಜಿ ಹೊಳಪು ಮಾಡಿದ್ದರು. ಒಳಗೆ ರೆಕ್ಟಿಫೈಯರ್‌ಗೆ, ಅಂದರೆ ಎಸಿಯನ್ನು ಡಿಸಿ (ಬ್ಯಾಟರಿಯಂಥ ಕರೆಂಟ್) ಮಾಡುವ ಭಾಗಕ್ಕೆ, ಹೋಗುವ ತಂತಿ ಕತ್ತರಿಸಿತ್ತು. ತುದಿಗೆ ಕಪ್ಪು ಇನ್ಸುಲೇಷನ್ ಟೇಪ್ ಸುತ್ತಿದ್ದರು. ಟೇಪಿಗೆ ಧೂಳು ಕೂಡ ಕೂತಿರಲಿಲ್ಲ. ಅಂದರೆ ಎಸಿ ಕೆಲಸ ಮಾಡಲ್ಲ ಅಂತ ಯಾರಿಗೋ ಚೆನ್ನಾಗಿ ಗೊತ್ತಿತ್ತು.

ವಿಷಯ ಏನು ಅಂದರೆ, ಈ ಮೀಟರಿನ ಮುಳ್ಳು ತಿರುಗಿಸುವ ಕಾಯಿಲ್‌ಗೆ ಡಿಸಿ ಮಾತ್ರ ಅರ್ಥವಾಗುತ್ತದೆ. ಎಸಿ ಅಳೆಯಬೇಕಾದರೆ ಒಳಗೆ ಸಣ್ಣ ಟ್ರಾನ್ಸ್‌ಫಾರ್ಮರ್, ರೆಕ್ಟಿಫೈಯರ್ ದಾಟಿ ಬರಬೇಕು. ಡಿಸಿಗೂ ಓಂಗೂ ಆ ದಾರಿ ಬೇಕಿಲ್ಲ. ಹಾಗಾಗಿ ಎಸಿ ಪೂರ್ತಿ ಸತ್ತಿದ್ದರೂ ಉಳಿದ ಎರಡು ಸೊಗಸಾಗಿ ಓಡುತ್ತವೆ. ಬ್ಯಾಟರಿಗೆ ಹಿಡಿದು ತೋರಿಸಿದ್ದು ಸುಳ್ಳಲ್ಲ, ಆದರೆ ಅದರಿಂದ ಎಸಿ ಬಗ್ಗೆ ಏನೂ ಗೊತ್ತಾಗಲ್ಲ. ಫೋನ್ ಮಾಡಿದರೆ ಅವನು ಹೇಳಿದ್ದು ಇಷ್ಟೇ: "ನೀವು ಎಸಿ ತೋರಿಸು ಅಂತ ಕೇಳಲಿಲ್ಲ ಅಲ್ವಾ ಸಾರ್." ಆಮೇಲೆ ನಂಬರ್ ಬ್ಲಾಕ್. ನನಗೆ ದುಡ್ಡಿನ ಚಿಂತೆ ಇಲ್ಲ. ನಾಳೆ ಇನ್ನೊಂದು ಮೀಟರ್ ಇನ್ಯಾರ ಮನೆಗೆ ಹೋಗುತ್ತದೋ, ಅದೇ ಸಂಕಟ.

ನನ್ನ ತಪ್ಪೂ ಇದೆ, ಅದನ್ನೂ ಹೇಳುತ್ತೇನೆ. ಸಾಕೆಟ್ ಮುಟ್ಟುವ ಮೊದಲು ಕರೆಂಟ್ ಇರುವುದು ಗ್ಯಾರಂಟಿ ಇರುವ ಇನ್ನೊಂದು ಸಾಕೆಟ್‌ಗೆ ಮೀಟರ್ ಹಿಡಿದು ನೋಡಬೇಕಿತ್ತು. ಅಲ್ಲಿ 230 ತೋರಿಸಿದರೆ ಮಾತ್ರ ಇಲ್ಲಿನ ಸೊನ್ನೆಗೆ ಬೆಲೆ. ಕೆಲಸದ ಜಾಗ ನೋಡಿ ಆದಮೇಲೆ ಮತ್ತೊಮ್ಮೆ ಅಲ್ಲಿಗೇ ಹಿಡಿದು ನೋಡಬೇಕು, ಯಾಕಂದರೆ ಮಧ್ಯದಲ್ಲಿ ಮೀಟರ್ ಕೈ ಕೊಟ್ಟಿರಬಹುದು. ಇದು ಮೂವತ್ತು ವರ್ಷದ ಹಿಂದೆ ಕಲಿತ ಪಾಠ. ಡ್ರಾಯರಿನಲ್ಲಿ ಟೆಸ್ಟರ್ ಇತ್ತು, ತೆಗೆಯಲಿಲ್ಲ.

ಈಗ ಯಾರಾದರೂ ಹಳೆ ಮೀಟರ್ ನೋಡಲು ಹೋಗುತ್ತಿದ್ದರೆ, ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್‌ಪಿ ರೋಡ್ ಆಗಲಿ ಸಂಡೆ ಬಜಾರ್ ಆಗಲಿ, ಚೀಲದಲ್ಲಿ ಒಂದು 12 ವೋಲ್ಟಿನ ಸಣ್ಣ ಟ್ರಾನ್ಸ್‌ಫಾರ್ಮರ್ ಇಟ್ಟುಕೊಳ್ಳಿ. ಪ್ಲಗ್ ಹಾಕಿ, ಹೊರಗೆ ಬರುವ 12 ವೋಲ್ಟನ್ನು ಎಸಿ 25 ರೇಂಜಿನಲ್ಲಿ ಅಳೆಯಿರಿ. ಲೋಡ್ ಇಲ್ಲದಾಗ ಹನ್ನೆರಡಕ್ಕಿಂತ ಸ್ವಲ್ಪ ಜಾಸ್ತಿ ಬರುವುದು ಸರಿಯೇ. ತೀರಾ ಕಡಿಮೆ ಬಂದರೆ ರೆಕ್ಟಿಫೈಯರ್ ಮೇಲೆ ಅನುಮಾನ ಪಡಿ. ಬೆಲೆ ಗೊತ್ತಿರುವ ಒಂದೆರಡು ರೆಸಿಸ್ಟರ್ ಕೂಡ ಇರಲಿ. ಮುಳ್ಳು ಅರ್ಧಕ್ಕೆ ಬಂದು ಸಿಕ್ಕಿಕೊಳ್ಳುತ್ತಾ ಅಂತ ನಿಧಾನವಾಗಿ ನೋಡಿ, ಮ್ಯಾಗ್ನೆಟ್ ಸಂದಿನಲ್ಲಿ ಕಬ್ಬಿಣದ ಪುಡಿ ಹೊಕ್ಕಿದ್ದರೆ ಹಾಗಾಗುತ್ತದೆ. "ಆ 15 ವೋಲ್ಟ್ ಬ್ಯಾಟರಿ ಈಗ ಸಿಗಲ್ಲ ಸಾರ್, ದೊಡ್ಡ ಓಂ ರೇಂಜ್ ತೋರಿಸಕ್ಕಾಗಲ್ಲ" ಅಂದರೆ ಒಪ್ಪಬೇಡಿ. ರಿಮೋಟ್ ಬೆಲ್‌ಗೆ ಹಾಕುವ 12 ವೋಲ್ಟಿನ ಚಿಕ್ಕ ಬ್ಯಾಟರಿಗೆ 3 ವೋಲ್ಟಿನ ಬಟನ್ ಸೆಲ್ ಸೇರಿಸಿದರೆ 15 ಆಯಿತು, ಪರೀಕ್ಷೆಗೆ ಅಷ್ಟು ಸಾಕು. ಹಿಂದಿನ ಮುಚ್ಚಳ ತೆಗೆಯಲು ಬಿಡದವನ ಹತ್ತಿರ ಕೊಳ್ಳಲೇಬೇಡಿ.

ಇನ್ನೊಂದು ಮಾತು, ಮಿಲಿಟರಿ ಹಳೆ ಸಾಮಾನಿನಲ್ಲಿ ಕತ್ತಲಲ್ಲಿ ಹೊಳೆಯುವ ಬಣ್ಣ ಬಳಿದ ಅಂಕಿ, ಮುಳ್ಳು ಇದ್ದರೆ ಬಿಚ್ಚಬೇಡಿ, ಕೆರೆಯಬೇಡಿ. ವಿಕಿರಣ ಸೂಸುವ ರೇಡಿಯಂ ಇರಬಹುದು. ಹೊಳಪು ಹೋಗಿದೆ ಅಂದರೆ ರೇಡಿಯಂ ಹೋಗಿದೆ ಅಂತಲ್ಲ. ಅದು ಅರ್ಧ ಆಗಲಿಕ್ಕೇ 1,600 ವರ್ಷ ಬೇಕು.

ಮನೆ ಕರೆಂಟ್ ನೋಡಲು ಈಗ ಕ್ಯಾಟ್ 3, 600 ವೋಲ್ಟ್ (ಮೀಟರಿನ ಸುರಕ್ಷತೆಯ ದರ್ಜೆ) ಅಂತ ಬರೆದ ಹೊಸ ಡಿಜಿಟಲ್ ಮೀಟರ್ ತಂದಿದ್ದೇನೆ. ಇಎಲ್‌ಸಿಬಿ ಹಾಕಿಸಿದೆ, ಎಂಸಿಬಿ ಹೆಸರುಗಳನ್ನು ಒಂದೊಂದಾಗಿ ಇಳಿಸಿ ನೋಡಿ ಹೊಸದಾಗಿ ಬರೆದೆ. ಆವೋ ಬೀರುವಿನಲ್ಲಿದೆ. ಎಸಿ ನಾಬ್ ಮೇಲೆ ಕೆಂಪು ಟೇಪ್ ಅಂಟಿಸಿ, "ಎಸಿ ಸತ್ತಿದೆ, ತಂತಿ ಕತ್ತರಿಸಿದೆ" ಅಂತ ಚೀಟಿ ಬರೆದು ಹಿಂದಿನ ಮುಚ್ಚಳದೊಳಗೂ ಒಂದು ಇಟ್ಟಿದ್ದೇನೆ. ಮುಂದೆ ಅದು ಯಾರ ಕೈಗೆ ಹೋದರೂ ಚೀಟಿ ಅದರ ಜೊತೆಗೇ ಹೋಗುತ್ತದೆ.